ಉಪ್ಪುನೀರಿನ ಊರಲ್ಲಿ ಸ್ಕೀ ಬೋಟ್ ಮಾರಾಟ

ನೀರಿನ ಮೇಲೆ ಸ್ಕೀ ಮಾಡುವವರನ್ನು ಹಗ್ಗದಿಂದ ಎಳೆಯುವ ಸ್ಕೀ ಬೋಟನ್ನು ಕಾರವಾರದಲ್ಲಿ ಕೇಳಿಕೊಂಡು ಬರುವವರ ಮೊದಲ ಪ್ರಶ್ನೆ ಎಚ್‌ಪಿ ಎಷ್ಟು ಅನ್ನುವುದು. ಡೀಲರುಗಳಾದ ನಮ್ಮ ಮೊದಲ ಪ್ರಶ್ನೆ ಬೇರೆ: ರಾತ್ರಿ ಬೋಟು ಎಲ್ಲಿ ನಿಲ್ಲುತ್ತದೆ, ಅದನ್ನು ಸಿಹಿನೀರಲ್ಲಿ ತೊಳೆಯುವವರು ಯಾರು? ಇದಕ್ಕೆ ಉತ್ತರ ಸಿಗುವವರೆಗೆ ಕೊಟೇಶನ್ ಬರೆಯದಿರುವುದೇ ಒಳ್ಳೆಯದು. ಚೌಕಾಸಿ ಮಾಡುವ ಗಿರಾಕಿಯಿಂದ ಆಗುವ ನಷ್ಟ ಒಂದೇ ಸಲದ್ದು. ಸಂಜೆಯಾದ ಮೇಲೆ ಕೋಡಿಬಾಗದ ದಂಡೆಯಲ್ಲಿ ಬೋಟನ್ನು ನೀರಲ್ಲೇ ಬಿಟ್ಟು ಮನೆಗೆ ಹೋಗುವ ಗಿರಾಕಿಯಿಂದ ಆಗುವ ನಷ್ಟ ವಾರಂಟಿ ಮುಗಿಯುವವರೆಗೂ ಬೆನ್ನು ಬಿಡುವುದಿಲ್ಲ.

ಸ್ಕೀ ಬೋಟ್ ಮೂಲತಃ ಅಮೆರಿಕದ ಸಿಹಿನೀರಿನ ಕೆರೆಗಳಿಗಾಗಿ ರೂಪುಗೊಂಡದ್ದು. ಮಾಸ್ಟರ್‌ಕ್ರಾಫ್ಟ್, ನಾಟಿಕ್, ಮಾಲಿಬು ಹೆಸರುಗಳನ್ನು ಮೊಬೈಲಿನಲ್ಲಿ ನೋಡಿಕೊಂಡು ಬರುವವರು ಈಗ ಇಲ್ಲೂ ಇದ್ದಾರೆ. 20 ಅಡಿ ಆಸುಪಾಸಿನ ಬೋಟು, ಒಳಗೆ ವಿ8 ಎಂಜಿನ್, ಹೊಟ್ಟೆಯ ಅಡಿಯಲ್ಲಿ ಶಾಫ್ಟ್, ಪ್ರೊಪೆಲರ್, ಚುಕ್ಕಾಣಿ. ಪ್ರೊಪೆಲರ್ ಹಿಂದಕ್ಕೆ ಚಾಚಿಕೊಂಡಿರುವುದಿಲ್ಲ, ಹಾಗಾಗಿ ನೀರಿಗೆ ಬಿದ್ದವರಿಗೆ ತಾಗುವ ಭಯ ಕಡಿಮೆ. ಹಿಂದೆ ಏಳುವ ಅಲೆ ಸಣ್ಣದು, ಓಟ ಗೆರೆ ಎಳೆದಷ್ಟು ನೇರ. ಬೋಯಿಗಳನ್ನು (ತೇಲುವ ಗುರುತು) ಸುತ್ತಿಕೊಂಡು ಅಂಕುಡೊಂಕಾಗಿ ಸಾಗುವ ಸ್ಲಾಲಂ ಸ್ಪರ್ಧೆಯಲ್ಲಿ ಪುರುಷರಿಗೆ ಗಂಟೆಗೆ 58, ಮಹಿಳೆಯರಿಗೆ 55 ಕಿ.ಮೀ. ಗರಿಷ್ಠ ವೇಗ. ಕೋರ್ಸ್ 259 ಮೀಟರ್ ಉದ್ದ, ತಿರುಗಲು ಆರು ಬೋಯಿ. ವೇಗ ಹಿಡಿಯುವುದಕ್ಕೆ, ನಿಲ್ಲುವುದಕ್ಕೆ ಎರಡೂ ತುದಿಯಲ್ಲಿ ಇನ್ನಷ್ಟು ಜಾಗ ಬೇಕು. ಅಷ್ಟು ದೂರ ನೇರವಾದ, ಬಲೆಯಿಲ್ಲದ, ಅಲೆಯಿಲ್ಲದ ನೀರು ಕಾಳಿ ನದಿಯಲ್ಲಿ ಸಿಗುವುದು ಬೆಳಗಿನ ಹೊತ್ತು ಮಾತ್ರ. ಹೊತ್ತೇರುತ್ತ ಸಮುದ್ರದ ಗಾಳಿ ಎದ್ದರೆ ಸ್ಕೀಯ ಮಾತು ಮುಗಿಯಿತು, ಆಮೇಲೆ ಬಾಳೆಹಣ್ಣಿನಾಕಾರದ ಗಾಳಿ ತುಂಬಿದ ತೆಪ್ಪದಲ್ಲಿ ಜನರನ್ನು ಎಳೆಯುವ ಬನಾನಾ ರೈಡಿನ ಕಾಲ.

ಈ ಒಳ ಎಂಜಿನ್ ಬೋಟನ್ನು ಇಲ್ಲಿ ಮಾರಲು ನಾವು ಹಿಂಜರಿಯುವುದಕ್ಕೆ ಎರಡು ಕಾರಣ. ಮೊದಲನೆಯದು ಅಳಿವೆಯ ಮರಳು. ಕಾಳಿ ಕಡಲು ಸೇರುವಲ್ಲಿ ಮರಳದಿಬ್ಬ ಪ್ರತಿ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ. ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಹೊರಗಿನಿಂದ ಕೂರಿಸುವ ಎಂಜಿನ್) ಆದರೆ ಬಟನ್ ಒತ್ತಿ ಎಂಜಿನ್ ಮೇಲೆತ್ತಿಕೊಂಡು ದಾಟಬಹುದು. ಒಳ ಎಂಜಿನ್‌ನ ಶಾಫ್ಟ್ ಎತ್ತಲಾಗದು. ಒಮ್ಮೆ ಮರಳಿಗೆ ಬಡಿದರೆ ಪ್ರೊಪೆಲರ್ ಬಾಗುತ್ತದೆ, ಶಾಫ್ಟ್ ಕೂದಲೆಳೆಯಷ್ಟು ವಾಲಿದರೂ ಇಡೀ ಬೋಟು ನಡುಗುತ್ತದೆ, ಶಾಫ್ಟನ್ನು ಹಿಡಿದಿರುವ ಸ್ಟ್ರಟ್‌ನ ಬುಶ್ ಸವೆಯುತ್ತದೆ, ಕೊನೆಗೆ ಶಾಫ್ಟ್ ಸೀಲಿನಿಂದ ನೀರು ಒಳಗೆ. ಎರಡನೆಯದು ಎಂಜಿನ್ ತಣಿಸುವ ವ್ಯವಸ್ಥೆ. ಸಿಹಿನೀರಿಗೆ ಮಾಡಿದ ಎಷ್ಟೋ ಬೋಟುಗಳಲ್ಲಿ ಹೊರಗಿನ ನೀರೇ ನೇರ ಎಂಜಿನ್ ಬ್ಲಾಕಿನೊಳಗೆ ಹರಿಯುತ್ತದೆ. ಸಮುದ್ರದ ನೀರು ಹಾಗೆ ಹರಿದರೆ ಎರಕದ ಕಬ್ಬಿಣದ ಬ್ಲಾಕ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆ ಹೊರಹೋಗುವ ಕೊಳವೆ) ಎರಡೂ ಒಳಗಿನಿಂದ ತುಕ್ಕು ಹಿಡಿಯುತ್ತವೆ. ಹೊರಗಿನಿಂದ ಹೊಳೆಯುತ್ತಲೇ ಇರುತ್ತವೆ. ಇಲ್ಲಿಗೆ ಕ್ಲೋಸ್ಡ್ ಕೂಲಿಂಗ್ ಬೇಕೇ ಬೇಕು: ಬ್ಲಾಕಿನೊಳಗೆ ಕೂಲೆಂಟ್, ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಮಾತ್ರ ಉಪ್ಪುನೀರು. ಎಕ್ಸ್‌ಚೇಂಜರ್ ಬದಲು ತಾನೇ ಕರಗುವ ಪೆನ್ಸಿಲ್ ಗಾತ್ರದ ಸತುವಿನ ಕಡ್ಡಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ನೋಡಬೇಕು. ಅರ್ಧ ಕರಗಿದ್ದರೆ ಬದಲಿಸಬೇಕು, ಪೂರ್ತಿ ಕರಗುವವರೆಗೆ ಕಾದರೆ ಮುಂದೆ ಕರಗುವುದು ಎಕ್ಸ್‌ಚೇಂಜರ್.

ಆದ್ದರಿಂದ ಈ ಕರಾವಳಿಯಲ್ಲಿ ನಿಜವಾಗಿ ಓಡುವ ಸರಕು 17ರಿಂದ 19 ಅಡಿಯ ಫೈಬರ್ ಬೋಟು, ಹಿಂದೆ 60ರಿಂದ 115 ಎಚ್‌ಪಿ ಔಟ್‌ಬೋರ್ಡ್. ಅದರಲ್ಲೇ ಸ್ಕೀ ಕಲಿಸಬಹುದು, ಬನಾನಾ ಎಳೆಯಬಹುದು, ದೇವಬಾಗ ಬೀಚಿಗೆ ಜನರನ್ನೂ ಬಿಡಬಹುದು. ಕಲಿಯುವವರಿಗೆ ಎರಡು ಸ್ಕೀ ಮೇಲೆ 25–30 ಕಿ.ಮೀ. ವೇಗ ಸಾಕು. ಬೇಕಾದದ್ದು ವೇಗ ಅಲ್ಲ, ನೀರಲ್ಲಿ ಕೂತವರನ್ನು ಒಂದೇ ಎಳೆತಕ್ಕೆ ಮೇಲೆಬ್ಬಿಸುವ ಶಕ್ತಿ. ಅದು ಎಚ್‌ಪಿಗಿಂತ ಪ್ರೊಪೆಲರ್ ಆಯ್ಕೆಯಲ್ಲಿದೆ, ಡೀಲರ್‌ನ ನಿಜವಾದ ಕೆಲಸ ಶುರುವಾಗುವುದೂ ಅಲ್ಲೇ.

ಎಂಜಿನ್ ಕೂರಿಸುವ ಮೊದಲು ಟ್ರಾನ್ಸಮ್ಮಿನ (ಎಂಜಿನ್ ಹೊರುವ ಬೋಟಿನ ಹಿಂಗೋಡೆ) ಎತ್ತರ ಅಳೆಯಬೇಕು. ಎಂಜಿನ್ ಶಾಫ್ಟ್ 15, 20, 25 ಇಂಚು ಹೀಗೆ ಬರುತ್ತದೆ. 20 ಇಂಚಿನ ಟ್ರಾನ್ಸಮ್ಮಿಗೆ 15 ಇಂಚಿನದು ಹಾಕಿದರೆ ತಿರುವಿನಲ್ಲಿ ಪ್ರೊಪೆಲರ್ ಗಾಳಿ ಕುಡಿದು ಸುಮ್ಮನೆ ಕಿರುಚುತ್ತದೆ. ಎಂಜಿನ್‌ನ ಕೆಳತುದಿಯ ಗೇರ್ ಪೆಟ್ಟಿಗೆಯಾದ ಗೇರ್‌ಕೇಸ್ ಮೇಲಿನ ಅಗಲ ತಟ್ಟೆ ಬೋಟಿನ ತಳಕ್ಕೆ ಸರಿಸಮವಾಗಿರಬೇಕು, ಹೆಚ್ಚೆಂದರೆ ಒಂದು ಇಂಚು ಮೇಲೆ ಕೆಳಗೆ. ನಾಲ್ಕು ಬೋಲ್ಟಿನ ತೂತು ಕೊರೆದ ಮೇಲೆ ಒಳಗೆ ಕಾಣುವ ಪ್ಲೈವುಡ್ಡಿನ ಅಂಚಿಗೆ ರೆಸಿನ್ ಬಳಿಯಬೇಕು, ಒಣಗಿದ ಮೇಲೆ ಮೆರೈನ್ ಸೀಲಂಟ್ ಹಚ್ಚಿ ಬೋಲ್ಟ್ ಬಿಗಿಯಬೇಕು. ಒಣಗುವ ಹೊತ್ತು ಬಿಟ್ಟರೆ ಹತ್ತು ನಿಮಿಷದ ಕೆಲಸ ಇದು. ಇದನ್ನು ತಪ್ಪಿಸಿದ ಬೋಟುಗಳೇ ಮೂರನೇ ವರ್ಷ ಟ್ರಾನ್ಸಮ್ ಕೊಳೆತು ವರ್ಕ್‌ಶಾಪಿಗೆ ಬರುವುದು. ಎಳೆಯುವ ಹಗ್ಗದ ಕೊಂಡಿಗೂ ಇದೇ ನಿಯಮ. ಒಳಬದಿಯಲ್ಲಿ ಅಂಗೈ ಅಗಲದ ಸ್ಟೇನ್‌ಲೆಸ್ ಪ್ಲೇಟ್ ಇರಬೇಕು. ಬರೀ ವಾಷರ್ ಹಾಕಿದ ಕೊಂಡಿ, ಆರು ಜನರ ಬನಾನಾ ಒಮ್ಮೆಗೇ ಜಗ್ಗಿದಾಗ ಫೈಬರ್ ತುಂಡು ಸಮೇತ ಕಿತ್ತು ಬರುತ್ತದೆ. ಒಂದೇ ಮೂಲೆಗೆ ಹಗ್ಗ ಕಟ್ಟುವುದೂ ತಪ್ಪು. ಎರಡೂ ಕೊಂಡಿಗೆ ಸೇರಿಸಿ ವಿ ಆಕಾರದಲ್ಲಿ ಕಟ್ಟಬೇಕು, ಇಲ್ಲದಿದ್ದರೆ ಬೋಟು ಸದಾ ಒಂದು ಕಡೆಗೇ ಎಳೆಯುತ್ತದೆ.

ಆಮೇಲೆ ಟ್ರಯಲ್. ಗಿರಾಕಿ, ಅವರ ಹುಡುಗರು, ತುಂಬಿದ ಟ್ಯಾಂಕು, ಎಲ್ಲ ಬೋಟಿನಲ್ಲೇ ಇರಬೇಕು. ಪೂರ್ತಿ ಥ್ರಾಟಲ್ ಕೊಟ್ಟು ಟ್ಯಾಕೋಮೀಟರ್ ನೋಡಬೇಕು. ಈ ಗಾತ್ರದ ಫೋರ್‌ಸ್ಟ್ರೋಕ್ ಎಂಜಿನ್‌ಗಳಿಗೆ ಕಂಪನಿ ಹೇಳುವ ಮಿತಿ ಸಾಮಾನ್ಯವಾಗಿ 5,000ದಿಂದ 6,000 ಆರ್‌ಪಿಎಂ. ಮುಳ್ಳು 4,600ರಲ್ಲೇ ನಿಂತರೆ ಪಿಚ್ (ಪ್ರೊಪೆಲರ್ ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಜಾಸ್ತಿಯಾಗಿದೆ ಎಂದು ಅರ್ಥ. ಎಂಜಿನ್ ಏದುಸಿರು ಬಿಡುತ್ತಿದೆ, ಕಾರ್ಬನ್ ಕಟ್ಟುತ್ತದೆ. ಪಿಚ್ ಒಂದು ಇಂಚು ಇಳಿಸಿದರೆ ಸುಮಾರು 150–200 ಆರ್‌ಪಿಎಂ ಏರುತ್ತದೆ. ಇಲ್ಲಿ ಎರಡು ಅಥವಾ ಮೂರು ಇಂಚು ಇಳಿಸಬೇಕು. ಎಳೆಯುವ ಕೆಲಸದ ಬೋಟಿಗೆ ಮೇಲಿನ ಮಿತಿಯ ಹತ್ತಿರ ಹೋಗುವ ಪಿಚ್ ಒಳ್ಳೆಯದು, ಆದರೆ ಖಾಲಿ ಬೋಟು ಓಡಿಸುವಾಗ ಮಿತಿ ದಾಟಬಾರದು. ಘಟ್ಟದ ಮೇಲಿನ ಗಿರಾಕಿಗಳ ಲೆಕ್ಕ ಸ್ವಲ್ಪ ಬೇರೆ. ಲಿಂಗನಮಕ್ಕಿ ಹಿನ್ನೀರಿನ ಪೂರ್ಣ ಮಟ್ಟ 1,819 ಅಡಿ. ಆ ಎತ್ತರದಲ್ಲಿ ಗಾಳಿ ತೆಳು, ಎಂಜಿನ್ ಶಕ್ತಿ ನೂರಕ್ಕೆ ಐದಾರು ಪಾಲು ಕುಗ್ಗುತ್ತದೆ. ಕಾರವಾರದಲ್ಲಿ ಸರಿಹೋದ ಪ್ರೊಪೆಲರ್‌ನ ಪಿಚ್ ಅಲ್ಲಿ ಒಂದು ಇಂಚು ಹೆಚ್ಚೇ ಆಗುತ್ತದೆ. ಎಂಜಿನ್ನಿಗೆ ತುಕ್ಕು ಹಿಡಿಯದಂತೆ ಅದರ ಬದಲು ತಾನು ಕರಗುವ ಲೋಹದ ತುಂಡಾದ ಆನೋಡೂ ಬದಲು: ಸಮುದ್ರಕ್ಕೆ ಸತು, ಕಾಳಿ ಅಳಿವೆಯಂಥ ಬೆರಕೆ ನೀರಿಗೆ ಅಲ್ಯುಮಿನಿಯಂ, ಹಿನ್ನೀರಿಗೆ ಮೆಗ್ನೀಸಿಯಂ. ಬೋಟು ಚಂದ ಕಾಣಲೆಂದು ಆನೋಡಿಗೂ ಬಣ್ಣ ಬಳಿದು ತರುವವರಿದ್ದಾರೆ. ಬಣ್ಣ ಬಿದ್ದ ಆನೋಡ್ ಇದ್ದೂ ಇಲ್ಲದಂತೆ.

ಡೆಮೊ ಪುಕ್ಕಟೆ ಕೊಡುವ ಪದ್ಧತಿ ಈ ವ್ಯಾಪಾರಕ್ಕೆ ಆಗಿಬರುವುದಿಲ್ಲ. 115 ಎಚ್‌ಪಿ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಸುಮಾರು 40 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಡೆಮೊಗೆ ಹಣ ಕಟ್ಟಿಸಿಕೊಂಡು, ಖರೀದಿಸಿದರೆ ಬೆಲೆಯಲ್ಲಿ ಕಳೆಯುವುದೇ ಸರಿ. ಬರೀ ಸವಾರಿಗೆ ಬರುವವರು ಅಲ್ಲಿಗೇ ಹಿಂದೆ ಸರಿಯುತ್ತಾರೆ. ಡೆಮೊ ಎಲ್ಲಿ ಕೊಡಬಹುದು ಎಂಬುದಕ್ಕೂ ಮಿತಿಯಿದೆ. ಅರ್ಗಾದ ಐಎನ್‌ಎಸ್ ಕದಂಬ ನೌಕಾನೆಲೆಯ ಕಡೆಗೆ ಸುಳಿಯುವಂತಿಲ್ಲ. ಬೈತಖೋಲ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ಮಧ್ಯೆ ಜಾಗವಿಲ್ಲ. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿದ ಜಾಗದಲ್ಲಿ, ಹೊಸ ಸೇತುವೆಯ ಕಂಬಗಳ ನಡುವೆ ಯಾರನ್ನೂ ಎಳೆದುಕೊಂಡು ಹೋಗದಿರುವುದೇ ಲೇಸು.

ಇನ್ನು ಬಿಲ್ಲು. ಮೋಜಿಗೆ, ಕ್ರೀಡೆಗೆ ಎಂದು ಮಾಡಿದ ಬೋಟು ಜಿಎಸ್‌ಟಿಯಲ್ಲಿ 8903 ಎಂಬ ಸರಕು ಸಂಖ್ಯೆಯಡಿ ಬರುತ್ತದೆ. ಇದಕ್ಕೆ 2025ರ ಸೆಪ್ಟೆಂಬರ್ 22ರಿಂದ ಶೇ 40 ತೆರಿಗೆ. ಪ್ರಯಾಣಿಕರ ದೋಣಿ 8901, ಮೀನುಗಾರಿಕೆಯದು 8902, ಅವೆರಡಕ್ಕೂ ಶೇ 5. ಹತ್ತು ಲಕ್ಷದ ಬೋಟಿಗೆ ನಾಲ್ಕು ಲಕ್ಷ ಎಲ್ಲಿ, ಐವತ್ತು ಸಾವಿರ ಎಲ್ಲಿ! "ಪ್ಯಾಸೆಂಜರ್ ಬೋಟ್ ಅಂತ ಬಿಲ್ ಮಾಡಿ ಮಾರಾಯ್ರೇ, ಯಾರು ನೋಡ್ತಾರೆ?" ಎಂಬ ಮಾತು ಈ ಅಂಗಡಿಯಲ್ಲಿ ಮಾಮೂಲಿ. ನೋಂದಣಿಗೆ ಬರುವ ಸರ್ವೇಯರ್ ನೋಡುತ್ತಾರೆ, ವಿಮೆಯವರು ಕ್ಲೇಮ್ ಬಂದ ದಿನ ನೋಡುತ್ತಾರೆ. ಬಿಲ್ಲಿನಲ್ಲಿ ಒಂದು, ನೀರಿನಲ್ಲಿ ಇನ್ನೊಂದು ಇದ್ದರೆ ಮೊದಲು ಸಿಕ್ಕಿಬೀಳುವುದು ಡೀಲರ್. ಮೀನುಗಾರಿಕೆ ದೋಣಿಗೆ ಹಾಕುವ ಎಂಜಿನ್‌ಗೆ ಶೇ 5 ಎಂದು 2018ರಲ್ಲೇ ಸ್ಪಷ್ಟೀಕರಣ ಬಂದಿದೆ. ಆದರೆ ಅದೇ ಎಂಜಿನ್ ರೈಡಿನ ಬೋಟಿಗೆ ಹೋದರೆ ಆ ರಿಯಾಯಿತಿ ಇಲ್ಲ. ಹಾಗಾಗಿ ದೋಣಿಯ ನೋಂದಣಿ ಪತ್ರದ ಪ್ರತಿ ಕೈಗೆ ಬಾರದೆ ರಿಯಾಯಿತಿ ದರದ ಬಿಲ್ ಹರಿಯುವುದಿಲ್ಲ. ಗಿರಾಕಿಗೆ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಸಿಗುತ್ತದೆ ಎಂಬ ಭರವಸೆಯನ್ನೂ ಕೊಡಬಾರದು. ಜಿಎಸ್‌ಟಿ ಕಾಯ್ದೆಯ ಕಲಂ 17(5) ಬೋಟುಗಳ ಕ್ರೆಡಿಟ್‌ಗೆ ಕಡಿವಾಣ ಹಾಕಿದೆ, ಅವರ ಸಿಎ ಹೇಳಿದ್ದೇ ಕೊನೆ.

1917ರ ಒಳನಾಡು ಹಡಗು ಕಾಯ್ದೆ ಹೋಗಿ 2021ರ ಹೊಸ ಕಾಯ್ದೆ ಬಂದ ಮೇಲೆ ನದಿ, ಹಿನ್ನೀರಿನ ಯಾಂತ್ರಿಕ ದೋಣಿಗಳಿಗೆ ಸರ್ವೆ, ನೋಂದಣಿ, ವಿಮೆ ಮೂರೂ ಬೇಕು. ಡೆಲಿವರಿ ಫೈಲಿನಲ್ಲಿ ಹಲ್ (ಬೋಟಿನ ಒಡಲು) ನಂಬರ್, ಎಂಜಿನ್ ಸೀರಿಯಲ್ ನಂಬರ್, ನಕ್ಷೆ, ಜನರ ಮಿತಿ ಬರೆದ ತಯಾರಕರ ಪತ್ರ ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ. ಎಂಜಿನ್ ಸೀರಿಯಲ್ಲಿನ ಒಂದು ಅಂಕಿ ತಪ್ಪಿದರೂ ಫೈಲು ವಾಪಸ್. ನಂಬರನ್ನು ಕೈಯಲ್ಲಿ ಬರೆಯದೆ, ಪ್ಲೇಟಿನ ಫೋಟೊ ತೆಗೆದು ಅದನ್ನೇ ನೋಡಿ ಟೈಪ್ ಮಾಡುವುದು ಕ್ಷೇಮ. ಜನರ ಮಿತಿಯ ಸ್ಟಿಕ್ಕರ್ ಬಗ್ಗೆ ಜಗ್ಗಾಟ ಬೇಡವೇ ಬೇಡ. 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತ ಊರು ಇದು. ಆರು ಎಂದರೆ ಆರು, ಮಕ್ಕಳನ್ನೂ ಎಣಿಸಿ. ಬೋಟು ಓಡಿಸುವವರು ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯ ಪವರ್‌ಬೋಟ್ ಮತ್ತು ಜೀವರಕ್ಷಣೆ ತರಬೇತಿ ಮುಗಿಸಿದ್ದರೆ ಡೀಲರ್‌ಗೂ ನಿದ್ದೆ ಬರುತ್ತದೆ, ಏಕೆಂದರೆ ಹೊಸ ಎಂಜಿನ್ ಹಾಳಾಗುವುದರಲ್ಲಿ ಗೇರ್ ಬದಲಿಸುವ ಕೈಯ ಪಾಲೂ ಇದೆ.

ಬಂಡವಾಳದ ತೊಂದರೆ ಋತುವಿನಿಂದ ಬರುತ್ತದೆ. ರೈಡು ನಡೆಯುವುದು ಅಕ್ಟೋಬರ್‌ನಿಂದ ಮೇ ತನಕ, ಅದರಲ್ಲೂ ದಸರೆ ರಜೆ, ಡಿಸೆಂಬರ್, ಏಪ್ರಿಲ್–ಮೇ. ಜೂನ್‌ನಿಂದ ಕಡಲು ಮುಚ್ಚಿತು. ಸ್ಟಾಕಿಗೆ ಆರ್ಡರ್ ಕೊಡಬೇಕಾದದ್ದು ಮಾತ್ರ ಗಿರಾಕಿಯ ಕೈ ಖಾಲಿಯಿರುವ ಜುಲೈ–ಆಗಸ್ಟ್‌ನಲ್ಲೇ. ಎಂಟು ಲಕ್ಷದ ಎಂಜಿನ್ ಆರು ತಿಂಗಳು ಕೂತರೆ ಶೇ 12ರ ಬಡ್ಡಿಗೆ 48 ಸಾವಿರ ಹೋಯಿತು. ಗಿರಾಕಿ ಕೇಳುವ ಡಿಸ್ಕೌಂಟ್ ಬೇರೆ. ಕಾರಿಗೆ ಕೊಟ್ಟಂತೆ ಬೋಟಿಗೆ ಬ್ಯಾಂಕು ಸುಲಭವಾಗಿ ಸಾಲ ಕೊಡದು, ಹೀಗಾಗಿ ಅರ್ಧ ಹಣ ಉದ್ರಿಯಾಗುತ್ತದೆ. ಉದ್ರಿ ವಸೂಲಿಗೆ ಮೇ ಕೊನೆಯವರೆಗೆ ಮಾತ್ರ ಅವಕಾಶ, ಮೊದಲ ಮಳೆ ಬಿದ್ದ ಮೇಲೆ ಫೋನು ಎತ್ತುವವರಿಲ್ಲ. ಕಂತುಗಳನ್ನು ಡಿಸೆಂಬರ್, ಜನವರಿ, ಏಪ್ರಿಲ್, ಮೇ ತಿಂಗಳಿಗೇ ಬರೆಸಿಕೊಳ್ಳುವುದು ಅದಕ್ಕೇ.

ಮಳೆಗಾಲದ ನಾಲ್ಕು ತಿಂಗಳು ಅಂಗಡಿಯನ್ನು ಹಿಡಿದು ನಿಲ್ಲಿಸುವುದು ಸ್ಕೀ ಬೋಟ್ ಅಲ್ಲ, ನಾಡದೋಣಿಯ 9.9 ಎಚ್‌ಪಿ ಎಂಜಿನ್. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮೀನುಗಾರಿಕೆ ನಿಷೇಧ 10 ಎಚ್‌ಪಿವರೆಗಿನ ದೋಣಿಗಳಿಗಿಲ್ಲ. ಮಳೆಗಾಲದಲ್ಲಿ ಅವರ ಎಂಜಿನ್ ಕೆಟ್ಟರೆ ಅದೇ ದಿನ ಆಗಬೇಕು, ಮೀನು ಕಾಯುವುದಿಲ್ಲ. ಇಂಪೆಲ್ಲರ್ (ಎಂಜಿನ್ ತಣಿಸುವ ನೀರಿನ ಪಂಪಿನ ರಬ್ಬರ್ ಚಕ್ರ), ಪ್ಲಗ್, ಸ್ಟಾರ್ಟರ್ ಹಗ್ಗ, ಶಿಯರ್ ಪಿನ್, ಗ್ಯಾಸ್ಕೆಟ್ ಸೆಟ್ ಇವಿಷ್ಟು ಕಪಾಟಿನಲ್ಲಿ ಸದಾ ಇರಬೇಕು. ದೋಣಿ ನಡೆಸುವ ತಾಂಡೇಲರು ರೊಕ್ಕ ಕೊಟ್ಟು ಒಯ್ಯುತ್ತಾರೆ. ದೊಡ್ಡ ಎಂಜಿನ್‌ನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಎಂಜಿನ್ ಮೇಲೆತ್ತುವ ಪವರ್ ಟಿಲ್ಟ್ ಮೋಟರ್‌ನಂಥ ದುಬಾರಿ ಭಾಗವನ್ನು ತರಿಸಿ ಇಡುವುದು ನಮ್ಮಂಥ ಸಣ್ಣ ಊರಿಗೆ ಹೊರೆ. ಆದರೆ ಡಿಸೆಂಬರ್ ಕೊನೆಯ ವಾರ ಮುರ್ಡೇಶ್ವರದಲ್ಲಿ ಬೋಟು ನಿಂತರೆ ಅದೇ ಭಾಗ ಬೇಕು. ಒಂದೇ ಮಾದರಿಯ ಎಂಜಿನ್‌ಗಳನ್ನೇ ಮಾರುವುದು ಇದಕ್ಕಿರುವ ಉಪಾಯ. ಆಗ ಒಂದು ಬಿಡಿಭಾಗ ಹತ್ತು ಬೋಟಿಗೆ ಆಗುತ್ತದೆ.

ಹೊಸ ಎಂಜಿನ್‌ನ ಮೊದಲ ಸರ್ವಿಸ್ 20 ಗಂಟೆಗೆ, ಆಮೇಲೆ ಪ್ರತಿ 100 ಗಂಟೆಗೆ ಎಂದು ಕೈಪಿಡಿಯಲ್ಲಿದೆ. ಏಪ್ರಿಲ್‌ನಲ್ಲಿ ದಿನಕ್ಕೆ ಆರು ಗಂಟೆ ಓಡುವ ಬೋಟಿಗೆ 100 ಗಂಟೆ ಮೂರು ವಾರವೂ ಬಾರದು. ರೈಡಿನ ಬೋಟು ವಾಣಿಜ್ಯ ಬಳಕೆ, ಅದಕ್ಕೆ ವಾರಂಟಿ ಮನೆಬಳಕೆಗಿಂತ ಕಡಿಮೆ. ಇದನ್ನು ಬಿಲ್ಲಿನ ಮೇಲೆ ಕನ್ನಡದಲ್ಲೇ ಬರೆದು ಸಹಿ ಹಾಕಿಸಿಕೊಂಡರೆ ಮುಂದಿನ ಜಗಳಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತದೆ. ಟೂಸ್ಟ್ರೋಕ್ ಒಯ್ಯುವವರಿಗೆ ಎಣ್ಣೆಯ ಅಳತೆಯೂ ಬರವಣಿಗೆಯಲ್ಲಿ ಹೋಗಬೇಕು: ಮೊದಲ ಹತ್ತು ಗಂಟೆ ಲೀಟರಿಗೆ 40 ಮಿಲಿ, ಆಮೇಲೆ 20 ಮಿಲಿ.

ಇಲ್ಲಿ ಎಂಜಿನ್ ಕೊಲ್ಲುವ ಮುಖ್ಯ ಆರೋಪಿ ಬಲೆಯ ನೈಲಾನ್ ದಾರ. ಅದು ಪ್ರೊಪೆಲರ್ ಹಿಂದೆ ಶಾಫ್ಟಿಗೆ ಸುತ್ತಿಕೊಂಡು, ಬಿಸಿಯಾಗಿ ಕರಗಿ ಗಟ್ಟಿ ಬಳೆಯಂತಾಗುತ್ತದೆ. ಆ ಬಳೆ ಆಯಿಲ್ ಸೀಲನ್ನು ಕೊಯ್ಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಬೋಟು ಚೆನ್ನಾಗಿಯೇ ಓಡುತ್ತಿರುತ್ತದೆ. ಗೇರ್‌ಕೇಸಿನ ಕೆಳಗಿನ ಸ್ಕ್ರೂ ಸಡಿಲಿಸಿದಾಗ ಜೇನಿನ ಬಣ್ಣದ ಎಣ್ಣೆಯ ಬದಲು ಹಾಲು ಬೆರೆಸಿದ ಚಹಾದಂಥದ್ದು ಇಳಿದರೆ ನೀರು ಹೊಕ್ಕಿದೆ. ಆ ಹಂತದಲ್ಲಿ ಸೀಲ್ ಬದಲಿಸಿದರೆ ಸಣ್ಣ ಖರ್ಚು. ಇನ್ನೊಂದು ತಿಂಗಳು ಬಿಟ್ಟರೆ ಬೇರಿಂಗ್, ಗೇರ್ ಎರಡೂ ತುಕ್ಕು ಹಿಡಿದು ಪೂರ್ತಿ ಕೆಳಭಾಗವೇ ಹೋಗುತ್ತದೆ. ವಾರಕ್ಕೊಮ್ಮೆ ಪ್ರೊಪೆಲರ್ ಬಿಚ್ಚಿ, ದಾರ ಕತ್ತರಿಸಿ ತೆಗೆದು, ಶಾಫ್ಟಿಗೆ ಮೆರೈನ್ ಗ್ರೀಸ್ ಹಚ್ಚಿ ಹಾಕುವುದನ್ನು ಡೆಲಿವರಿ ದಿನವೇ ಗಿರಾಕಿಯ ಹುಡುಗನ ಕೈಯಲ್ಲೇ ಮಾಡಿಸಬೇಕು. ಪ್ರೊಪೆಲರ್‌ನ ನಟ್ಟು ಸಡಿಲವಾಗದಂತೆ ಹಿಡಿಯುವ ಸ್ಪ್ಲಿಟ್ ಪಿನ್ ಮಾತ್ರ ಪ್ರತಿ ಸಲ ಹೊಸದು. ರಂಪಣಿ (ದಂಡೆಯಿಂದ ಎಳೆಯುವ ದೊಡ್ಡ ಬಲೆ) ಎಳೆಯುವ ದಂಡೆಗಳಲ್ಲಿ ವಾರ ಎಂಬುದೂ ಜಾಸ್ತಿಯೇ.

ದಿನದ ಕೊನೆಗೆ ಸಿಹಿನೀರಿನ ಪೈಪು ಜೋಡಿಸಿ 10–15 ನಿಮಿಷ ಫ್ಲಶ್ ಮಾಡಬೇಕು. ಎಂಜಿನ್ ಚಾಲೂ ಇರಬೇಕೋ ಬೇಡವೋ ಎಂಬುದು ಪೈಪು ಎಲ್ಲಿಗೆ ಜೋಡಿಸುತ್ತೀರಿ ಎಂಬುದರ ಮೇಲೆ. ಮಾದರಿಯ ಕೈಪಿಡಿ ನೋಡಿ. ಬಿಸಿ ಎಂಜಿನ್ನಿನೊಳಗೆ ಉಳಿದ ಉಪ್ಪುನೀರು ಒಣಗಿ ಥರ್ಮೋಸ್ಟಾಟ್ ಸುತ್ತ ಬಿಳಿ ಪದರ ಕಟ್ಟುತ್ತದೆ. ಅದು ಅರ್ಧ ತೆರೆದಲ್ಲೇ ಸಿಕ್ಕಿಹಾಕಿಕೊಂಡರೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಹಿಂದಿನಿಂದ ಚಿಮ್ಮುವ ನೀರಿನ ಎಳೆ ತೆಳುವಾದರೆ ಮೊದಲು ತೂತಿಗೆ ತಂತಿ ಹಾಕಿ ನೋಡಿ, ಮರಳು ಕಟ್ಟಿರುತ್ತದೆ. ಆಗಲೂ ಸರಿಯಾಗದಿದ್ದರೆ ಇಂಪೆಲ್ಲರ್. ನಮ್ಮ ಅಳಿವೆಯ ಮರಳಿಗೆ ರಬ್ಬರ್ ರೆಕ್ಕೆ ಒಂದು ಸೀಸನ್‌ಗಿಂತ ಹೆಚ್ಚು ಬಾಳದು. ವೈರಿಂಗ್ ಕೆಲಸಕ್ಕೆ ಕಾರಿನ ತಾಮ್ರದ ವೈರು ಹಾಕಿದವರ ಬೋಟು ಆರು ತಿಂಗಳಲ್ಲಿ ಸೆಲ್ಫ್ ಎತ್ತುವುದಿಲ್ಲ; ಒಳಗೆ ಹಸಿರು ಪುಡಿ. ತವರ ಲೇಪಿಸಿದ ವೈರೇ ಬೇಕು.

ಈಚೆಗೆ ಸೇರಿದ ತಲೆನೋವು ಇ20 ಪೆಟ್ರೋಲ್. ಬಹುತೇಕ ಔಟ್‌ಬೋರ್ಡ್ ಕೈಪಿಡಿಗಳು ಎಥೆನಾಲ್‌ಗೆ ಹಾಕಿರುವ ಮಿತಿ ಶೇ 10. ಬಂಕಿನಲ್ಲಿ ಸಿಗುವುದು ಶೇ 20. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಈ ಊರಲ್ಲಿ ತೇವಕ್ಕೇನು ಬರ! ನೀರು ಹೆಚ್ಚಾದಾಗ ಎಥೆನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ, ಎಂಜಿನ್ ಮೊದಲು ಹೀರುವುದು ಅದನ್ನೇ. ಟ್ಯಾಂಕು ಮತ್ತು ಎಂಜಿನ್ ನಡುವೆ 10 ಮೈಕ್ರಾನ್‌ನ ನೀರು ಬೇರ್ಪಡಿಸುವ ಫಿಲ್ಟರ್ ಇಲ್ಲದೆ ಬೋಟು ಅಂಗಡಿಯಿಂದ ಹೊರಗೆ ಹೋಗಬಾರದು. ಎರಡು ವಾರಕ್ಕಿಂತ ಹಳೆಯ ಪೆಟ್ರೋಲ್ ಎಂಜಿನ್‌ಗೆ ಬೇಡ. ಹಳೆಯ ಪ್ರೈಮರ್ ಬಲ್ಬ್ (ಪೆಟ್ರೋಲ್ ಏರಿಸಲು ಕೈಯಲ್ಲಿ ಹಿಂಡುವ ರಬ್ಬರ್ ಉಂಡೆ), ಪೈಪುಗಳು ಬಿರುಸಾಗಿ ಬಿರುಕು ಬಿಡುತ್ತವೆ, ಅವನ್ನು ವರ್ಷಕ್ಕೊಮ್ಮೆ ಬದಲಿಸಿದರೆ ಬೆಂಕಿಯ ಭಯವೂ ತಪ್ಪುತ್ತದೆ.

ಮೇ ಕೊನೆಯ ವಾರ ವರ್ಕ್‌ಶಾಪ್ ತುಂಬುತ್ತದೆ. ಎಲ್ಲರಿಗೂ ಒಂದೇ ವಾರ ಬೇಕು, ಕೆಲಸ ಗೊತ್ತಿರುವ ಕೈ ಇಬ್ಬರದೋ ಮೂವರದೋ. ಐಟಿಐ ಮುಗಿಸಿ ಇಲ್ಲಿ ಕೆಲಸ ಕಲಿತ ಹುಡುಗರನ್ನು ಗೋವಾ, ಗಲ್ಫ್ ಎಳೆದುಕೊಳ್ಳುತ್ತವೆ. ಸಂಬಳ ಏರಿಸುವುದಕ್ಕಿಂತ, ಮಳೆಗಾಲದ ನಾಲ್ಕು ತಿಂಗಳೂ ಪೂರ್ತಿ ಸಂಬಳ ಕೊಡುವುದೇ ಅವರನ್ನು ಹಿಡಿದಿಡುವ ದಾರಿ. ಬಿಚ್ಚುವ ಕೆಲಸ ಮೇ ತಿಂಗಳಲ್ಲಿ, ರಿಪೇರಿ ಜೂನ್–ಜುಲೈನಲ್ಲಿ ಎಂದು ಹಂಚಿಕೊಂಡರೆ ಆ ಸಂಬಳಕ್ಕೆ ಕೆಲಸವೂ ಸಿಗುತ್ತದೆ. ಮಳೆಗಾಲಕ್ಕೆ ಎಂಜಿನ್ ಎತ್ತಿಡುವಾಗ ಮೊದಲು ಫ್ಲಶ್. ಆಮೇಲೆ ಕಾರ್ಬುರೇಟರ್ ಇದ್ದರೆ ಪೆಟ್ರೋಲ್ ಪೂರ್ತಿ ಖಾಲಿ, ಪ್ಲಗ್ ತೂತಿನಿಂದ ಒಳಗೆ ತುಕ್ಕು ತಡೆಯುವ ಫಾಗಿಂಗ್ ಆಯಿಲ್ ಸಿಂಪಡಿಸಿ ಕೈಯಿಂದ ಎರಡು ಸುತ್ತು. ಗೇರ್ ಆಯಿಲ್ ಮಳೆಗಾಲಕ್ಕೆ ಮೊದಲೇ ಬದಲಿಸಬೇಕು, ಅಕ್ಟೋಬರ್‌ಗೆ ಮುಂದೂಡಬಾರದು. ಒಳಗೆ ನೀರಿದ್ದರೆ ನಾಲ್ಕು ತಿಂಗಳು ಅಲ್ಲೇ ಕೂತು ತಿನ್ನುತ್ತದೆ. ಬ್ಯಾಟರಿ ಬಿಚ್ಚಿ ತಿಂಗಳಿಗೊಮ್ಮೆ ಚಾರ್ಜ್. ಎಂಜಿನ್ ನೆಟ್ಟಗೆ ನಿಲ್ಲಬೇಕು, ಓರೆಯಾಗಿಟ್ಟರೆ ಒಳಗಿನ ನೀರು ಇಳಿಯುವುದಿಲ್ಲ. ಬೋಟಿನ ತಳದ ಬಿರಟೆ ತೆಗೆದು ಮುಂಭಾಗ ಎತ್ತರಿಸಿ, ಟಾರ್ಪಾಲಿನ ಕೆಳಗೆ ಗಾಳಿಯಾಡಲು ಜಾಗ ಬಿಡಬೇಕು. ಇಲಿ ವೈರು ಕಡಿಯುವುದಕ್ಕೆ ಮಾತ್ರ ಪಕ್ಕಾ ಮದ್ದು ಯಾರ ಬಳಿಯೂ ಇಲ್ಲ.

ಫೈಬರ್ ರಿಪೇರಿಯನ್ನು ಜೂನ್–ಜುಲೈನಲ್ಲಿ ತೆರೆದ ಶೆಡ್ಡಿನಲ್ಲಿ ಮಾಡುವುದು ದಂಡ. ತೇವ ಹಿಡಿದ ಮ್ಯಾಟ್ (ಗಾಜಿನ ನಾರಿನ ಹಾಸು) ರೆಸಿನ್ ಕುಡಿಯುವುದಿಲ್ಲ, ಒಳಗೆ ಬಿಳಿ ಮಚ್ಚೆ ಉಳಿಯುತ್ತದೆ, ಮರುವರ್ಷ ಅಲ್ಲೇ ಗುಳ್ಳೆ. ಮುಚ್ಚಿದ ಕೋಣೆ, ಮ್ಯಾಟಿನ ಸುರುಳಿಯ ಹತ್ತಿರ ಉರಿಯುವ ಬಲ್ಬ್, ಐಸೋ ರೆಸಿನ್, ಕ್ಯಾಟಲಿಸ್ಟ್ ಶೇ 1ರಿಂದ 2ರೊಳಗೆ. ಬೇಗ ಗಟ್ಟಿಯಾಗಲೆಂದು ಹೆಚ್ಚು ಸುರಿದರೆ ಬಿಸಿಗೆ ಬಿರುಕು ಬಿಡುತ್ತದೆ. ಗಟ್ಟಿಯಾಗಿಸುವ ಎರಡು ದ್ರವಗಳಾದ ಕೋಬಾಲ್ಟ್ ಮತ್ತು ಕ್ಯಾಟಲಿಸ್ಟನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸಿಡಿಯುತ್ತವೆ. ಮೊದಲು ಒಂದನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು.

ಹಳೆಯ ಬೋಟು ಎಕ್ಸ್‌ಚೇಂಜ್‌ಗೆ ಬಂದಾಗ ಬಣ್ಣ ನೋಡಿ ಬೆಲೆ ಕಟ್ಟಬಾರದು. ಸಣ್ಣ ಸುತ್ತಿಗೆಯ ಹಿಡಿಯಿಂದ ಟ್ರಾನ್ಸಮ್ ಉದ್ದಕ್ಕೂ ಬಡಿಯುತ್ತ ಹೋಗಬೇಕು. ಟಣ್ ಎಂದರೆ ಸರಿ, ದಬ್ ಎಂದ ಜಾಗದಲ್ಲಿ ಒಳಗಿನ ಪ್ಲೈವುಡ್ ಕೊಳೆತಿದೆ. ಎಂಜಿನ್ ಮೇಲ್ಭಾಗ ಹಿಡಿದು ಅಲುಗಾಡಿಸಿದಾಗ ಟ್ರಾನ್ಸಮ್ ಬಾಗುವುದು ಕಣ್ಣಿಗೆ ಕಂಡರೆ ಆ ಬೋಟಿಗೆ ಎಂಜಿನ್‌ನ ಬೆಲೆ ಮಾತ್ರ. ಕಂಪ್ರೆಷನ್ ಗೇಜಿನಲ್ಲಿ ಸಿಲಿಂಡರುಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಎಂಜಿನ್‌ಗೂ ಬಿಡಿಭಾಗದ ಬೆಲೆಯೇ. ಟ್ರೇಲರ್ ಸಮೇತ ಕೊಡುತ್ತೇನೆ ಎಂದರೆ ಗಾಲಿ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ. ದಂಡೆಯಲ್ಲಿ ಬೋಟು ಇಳಿಸುವಾಗ ಉಪ್ಪುನೀರಲ್ಲಿ ಮುಳುಗಿದ ಬೇರಿಂಗ್ ಗರಗರ ಎನ್ನುತ್ತಿದ್ದರೆ ಅದನ್ನು ಬದಲಿಸದೆ ಅರಬೈಲು ಘಟ್ಟಕ್ಕಾಗಲಿ ದೇವಿಮನೆ ಘಟ್ಟಕ್ಕಾಗಲಿ ಹತ್ತಿಸಬಾರದು. ಬೇರಿಂಗಿನ ಖರ್ಚನ್ನು ಬೋಟಿನ ಬೆಲೆಯಿಂದ ಅಲ್ಲೇ, ಮಾತು ಮುಗಿಯುವ ಮೊದಲೇ ಕಳೆಯಿರಿ.